ಒಳಗೆಳೆದ ಹೌದು

'ಮಲದಲ್ಲಿ ರಕ್ತ ಹೋಗುತ್ತಿಲ್ಲವೆಂದು ರೋಗಿ ಹೇಳುತ್ತಾರೆ.' ಈ ಒಂದು ಸಾಲನ್ನು ಮರೀತಾ ಹನ್ನೊಂದು ದಿನಗಳಲ್ಲಿ ಎಷ್ಟು ಸಲ ಓದಿದಳೋ ಅವಳಿಗೇ ಗೊತ್ತಿಲ್ಲ. ಗುರುವಾರ ಬೆಳಿಗ್ಗೆಯೂ ಐದೂವರೆಗೆ ಎದ್ದು, ಕಾಫಿಗೆ ನೀರಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಒರಗಿಸಿ, ಗುಪ್ತಸಂಖ್ಯೆ ಒತ್ತಿ, ತನ್ನ ಆರೋಗ್ಯದ ದಾಖಲೆಯನ್ನು ತೆರೆದಳು. ಸಾಲು ಇದ್ದಲ್ಲೇ ಇತ್ತು. ಬೆಳಗಾಗುವಷ್ಟರಲ್ಲಿ ಯಾರೋ ಬಂದು ಅದನ್ನು ತಿದ್ದಿರುತ್ತಾರೆ ಎಂಬ ಹುಚ್ಚು ಆಸೆ ತನಗೆ ಇತ್ತೆಂದು ಆಗ ಗೊತ್ತಾಗಿ ತನ್ನ ಮೇಲೇ ರೇಗಿತು. ರೋಗಿ ಎಂದರೆ ತಾನು: ಮರೀತಾ ಬುರ್ಮನ್, ಐವತ್ತೆಂಟು ವರ್ಷ, ಊರಿನ ಶಾಲೆಯ ಅಡುಗೆಯವಳು, ಇಪ್ಪತ್ತಾರು ವರ್ಷಗಳಲ್ಲಿ ನಾಲ್ಕೇ ದಿನ ಕಾಯಿಲೆಯ ರಜೆ ಹಾಕಿದವಳು. ಸರಿ, 'ಹೇಳುತ್ತಾರೆ' ಎಂದರೆ? ಅವಳು ಹೇಳಿದ್ದು ಹೌದು. ಅವರು ಬರೆದುಕೊಂಡದ್ದು ಇಲ್ಲ. ನಡುವೆ ಎಲ್ಲೋ ಒಂದು ಹೌದು ಕಳೆದುಹೋಗಿತ್ತು, ಅದು ಸಿಗುವ ತನಕ ಯಾರೂ ಅವಳಿಗೆ ಪರೀಕ್ಷೆಯ ಚೀಟಿ ಬರೆದುಕೊಡುವವರಿಲ್ಲ. ಅಷ್ಟರಲ್ಲಿ ಕಾಫಿ ಉಕ್ಕಿತು. ಒಲೆ ಒರೆಸುತ್ತ ಒರೆಸುತ್ತ ಅವಳು ತೀರ್ಮಾನ ಮಾಡಿಕೊಂಡಳು: ಇವತ್ತು ಚೀಟಿ ಬರೆಸಿಕೊಳ್ಳದೆ ಫೋನು ಕೆಳಗಿಡುವುದಿಲ್ಲ.

ಆ ಸೀಮೆಯಲ್ಲಿ, ದೇಶದ ಉತ್ತರಕ್ಕಿರುವ ವೆಸ್ಟರ್‌ಬಾಟನ್ನಿನ ಒಳನಾಡಿನಲ್ಲಿ, ಹೌದು ಎನ್ನಲು ಬಾಯಿ ತೆರೆಯಬೇಕಾಗಿಲ್ಲ. ತುಟಿಯನ್ನು ಕೊಂಚ ಮೊನಚು ಮಾಡಿ 'ಶುಪ್' ಎಂದು ಗಾಳಿಯನ್ನು ಒಳಕ್ಕೆ ಎಳೆದುಕೊಂಡರೆ ಮುಗಿಯಿತು. ಇನ್ನೊಂದು ಲೋಟ ಕಾಫಿ ಬೇಕೇ ಎಂದರೂ ಅದೇ, ಕಾಡಿನ ಪಾಲು ಮಾರುತ್ತೀಯಾ ಎಂದರೂ ಅದೇ, ನನ್ನನ್ನು ಮದುವೆಯಾಗುತ್ತೀಯಾ ಎಂದರೂ ಅದೇ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅವಳ ಊರಿನವರು ಇವೆರಡರ ನಡುವೆ ಒಂದು ಉಸಿರನ್ನು ಇಟ್ಟುಕೊಂಡು ಎರಡೂ ಕಡೆ ಲಾಭ ಮಾಡಿಕೊಂಡವರು. ಅಡುಗೆಮನೆಯಲ್ಲಿ ಅವಳ ಜೊತೆ ಕೆಲಸ ಮಾಡುವ ದೋರಿಸ್ ದಕ್ಷಿಣದ ಕಡೆಯವಳು, ಗಂಡನ ಹಿಂದೆ ಬಂದು ಇಪ್ಪತ್ತು ವರ್ಷವಾಯಿತು. "ನಾನು ಬಂದ ಹೊಸದ್ರಲ್ಲಿ ನಿಮ್ಮೂರವರಿಗೆಲ್ಲ ಉಬ್ಬಸ ಅಂದ್ಕೊಂಡಿದ್ದೆ ಕಣೇ, ಪಾಪ, ಒಳ್ಳೇ ಗಾಳಿ, ಆದ್ರೂ ಹಿಂಗ್ಯಾಕೆ ಅಂತ" ಎಂದು ಈಗಲೂ ವರ್ಷಕ್ಕೊಮ್ಮೆಯಾದರೂ ಹೇಳಿಕೊಂಡು ನಗುತ್ತಾಳೆ. ಹನ್ನೊಂದು ದಿನದ ಹಿಂದೆ, ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲವೆಂದು ಮರೀತಾ ಕಾರನ್ನು ಗುಡ್ಡದ ಮೇಲೆ ನಿಲ್ಲಿಸಿ, ಫೋನನ್ನು ಸ್ಟಿಯರಿಂಗಿಗೆ ಒರಗಿಸಿ ಕೂತಿದ್ದಳು. ತೆರೆಯ ಮೇಲೆ ಬಂದ ಡಾಕ್ಟರು ಮಗಳ ವಯಸ್ಸಿನ ಹುಡುಗಿ, ಗಂಟಲಲ್ಲಿ ಶೀತ. ಹೊಟ್ಟೆನೋವು ಎಲ್ಲಿ, ಎಷ್ಟು ದಿನ, ಮಲಬದ್ಧತೆಯೇ, ಎಂದೆಲ್ಲ ಕೇಳುತ್ತ ಕೇಳುತ್ತ, "ಮಲದಲ್ಲಿ ರಕ್ತ ಏನಾದ್ರೂ ಕಂಡಿದೀರಾ?" ಎಂದು ಕೇಳಿದಳು. ಮರೀತಾ ಉಸಿರೆಳೆದುಕೊಂಡಳು. ಅದು ಅವಳ ಮಟ್ಟಿಗೆ ಸ್ಪಷ್ಟವಾದ, ಪೂರ್ತಿ ಹೌದು. ಅದರ ಮುಂದಿನ ಅರ್ಧ ನಿಮಿಷವನ್ನು ಮಾತ್ರ ಅವಳು ಈ ಹನ್ನೊಂದು ದಿನಗಳಲ್ಲಿ ನೆನೆಯಲು ಹೋಗಿರಲಿಲ್ಲ. ನಾರಿನಂಶ ಜಾಸ್ತಿ ತಿನ್ನಿ, ನೀರು ಕುಡಿಯಿರಿ, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದು ಹುಡುಗಿ ಹೇಳಿದಳು, ಮುಖದ ಜಾಗದಲ್ಲಿ ಐದು ನಕ್ಷತ್ರಗಳು ಬಂದು ಸೇವೆ ಹೇಗಿತ್ತು ಎಂದು ಕೇಳಿದವು. ಮರೀತಾ ಐದನ್ನೂ ಒತ್ತಿದಳು.

ಊರಿನಲ್ಲಿ ಆರೋಗ್ಯ ಕೇಂದ್ರ ಇಲ್ಲದೆ ಇಲ್ಲ. ಡಾಕ್ಟರು ಮಾತ್ರ ಬಾಡಿಗೆಗೆ ಬರುವವರು, ಎರಡು ವಾರಕ್ಕೊಮ್ಮೆ, ಪ್ರತಿಸಲ ಬೇರೆಯವರು. ಜುಲೈನಲ್ಲಿ ಒಮ್ಮೆ ಫೋನು ಮಾಡಿದ್ದಳು. "ತುರ್ತಾ, ಇಲ್ಲ ಮೂರು ವಾರ ಕಾಯ್ತೀಯಾ?" ಎಂದು ಕೇಳಿದ ನರ್ಸು ಪಕ್ಕದ ರಸ್ತೆಯವಳು, ಅವಳ ಮಗನಿಗೆ ಒಂಬತ್ತು ವರ್ಷ ಊಟ ಬಡಿಸಿದ್ದು ಮರೀತಾಳೇ. ತುರ್ತೇನಿಲ್ಲ ಎಂದು ಹೆಸರೂ ಬರೆಸದೆ ಫೋನು ಇಟ್ಟುಬಿಟ್ಟಿದ್ದಳು. ಅಳುವ ಮಗುವಿಗೆ ಹಾಲು ಎನ್ನುವ ಮಾತು ಆ ಊರಿಗೆ ಒಪ್ಪುವುದಿಲ್ಲ; ಅಲ್ಲಿ ಮಗುವೇ ಸಂಕೋಚಪಟ್ಟುಕೊಂಡು ಸುಮ್ಮನಾಗುತ್ತದೆ. ಫೋನಿನೊಳಗಿನ ಡಾಕ್ಟರು ವಾಸಿ ಎಂದು ಅವಳು ಆರಿಸಿಕೊಂಡದ್ದೇ ಅದಕ್ಕೆ. ಅವರು ಎಲ್ಲೋ ಸಾವಿರ ಮೈಲಿಯಾಚೆ ಇರುತ್ತಾರೆ, ಇವಳ ಪರಿಚಯ ಅವರಿಗಿಲ್ಲ, ನಾಳೆ ದಿನಸಿ ಅಂಗಡಿಯಲ್ಲಿ ಮೊಸರಿನ ಮುಂದೆ ಎದುರಾಗಿ ಮುಖ ನೋಡುವುದಿಲ್ಲ. ಮಾನ ಹೋಗದ ಹಾಗೆ ಚೀಟಿ ಸಿಗುತ್ತದೆ ಎಂದುಕೊಂಡಿದ್ದಳು. ಮಾನವೇನೋ ಹೋಗಲಿಲ್ಲ, ಆದರೆ ಚೀಟಿಯೂ ಬರಲಿಲ್ಲ.

ಗುರುವಾರವೆಂದರೆ ಶಾಲೆಯಲ್ಲಿ ಬಟಾಣಿ ಸಾರು, ಆಮೇಲೆ ಓವನ್ನಿನಲ್ಲಿ ಬೇಯಿಸಿದ ದಪ್ಪ ದೋಸೆ, ಅದರ ಮೇಲೆ ಜಾಮು. ಹಿಂದಿನ ದಿನ ನೆನೆಸಿಟ್ಟ ಬಟಾಣಿಯನ್ನು ದೊಡ್ಡ ಹಂಡೆಗೆ ಸುರಿಯುವಾಗ ಮರೀತಾಳಿಗೆ ಸೊಂಟದ ಕೆಳಗೆ ಒಂದು ಸೆಳೆತ ಬಂದು ಹಂಡೆಯ ಅಂಚು ಹಿಡಿದು ನಿಂತಳು. ಜೂನಿನ ನಡುಬೇಸಿಗೆಯ ಹಬ್ಬದ ಮಾರನೆಯ ದಿನ ಮೊದಲ ಸಲ ರಕ್ತ ಕಂಡದ್ದು. ಹಬ್ಬದೂಟದಲ್ಲಿ ತಿಂದ ಬೀಟ್‌ರೂಟು ಎಂದುಕೊಂಡಳು. ಜುಲೈನಲ್ಲಿ ಬೀಟ್‌ರೂಟು ತಿಂದಿರಲಿಲ್ಲ. ಆಗಸ್ಟಿನಲ್ಲಿ ಶಾಲೆ ಶುರುವಾದ ಮೇಲೆ ಸಿಬ್ಬಂದಿಯ ಶೌಚಾಲಯದಲ್ಲಿ ನೋಡದೆ ನೀರು ಹಾಕುವುದನ್ನು ರೂಢಿ ಮಾಡಿಕೊಂಡಳು. ನೋಡದಿದ್ದರೆ ಇಲ್ಲ ಎಂದೇನೂ ಅಲ್ಲ, ಅಷ್ಟು ದಡ್ಡಿಯಲ್ಲ ಅವಳು. ನೋಡದಿದ್ದರೆ ಆ ದಿನ ಕೆಲಸ ಮಾಡಬಹುದು, ಅಷ್ಟೆ. ಅಣ್ಣ ಸೀವರ್ಟ್ ಕೂಡ ಹೀಗೇ ನೋಡದೆ ನೀರು ಹಾಕುತ್ತಿದ್ದನೋ ಏನೋ. ಆರು ವರ್ಷದ ಹಿಂದೆ, ಕಡವೆ ಬೇಟೆಯ ಮೊದಲ ವಾರ, ಬೇಟೆಗಾರರ ಗುಡಿಸಲಿಗೆ ಅಣ್ಣನಿಗೆಂದು ಬ್ರೆಡ್ಡು ತೆಗೆದುಕೊಂಡು ಹೋಗಿದ್ದಳು. ಅವನು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಬೆಲ್ಟಿನಲ್ಲಿ ಮೊಳೆಯಿಂದ ಹೊಡೆದ ಎರಡು ಹೊಸ ತೂತುಗಳಿದ್ದವು, ಒಂದರ ಅಂಚು ಇನ್ನೂ ಬೆಳ್ಳಗಿತ್ತು. ಆರಾಮಿದ್ದೀಯಾ ಎಂದು ಕೇಳಿದಳು. ಅವನು ತಲೆಯೆತ್ತದೆ 'ಶುಪ್' ಎಂದ. ಅವಳು ಬ್ರೆಡ್ಡು ಕೊಟ್ಟು, ಮನೆಯಲ್ಲಿ ಇನ್ನೊಂದು ಕಲಸಿದ ಹಿಟ್ಟು ಉಬ್ಬುತ್ತಿದೆ ಎಂದು ಕಾರು ಹತ್ತಿದಳು. ತೂತುಗಳನ್ನು ಅವಳು ನೋಡಿದ್ದಳು. ಎರಡೂ ತೂತನ್ನು ನೋಡಿ, ಎಣಿಸಿ, ಹೌದು ಎನ್ನುವ ಉಸಿರನ್ನು ನಂಬಿಕೊಂಡು ಮನೆಗೆ ಬಂದಿದ್ದಳು. ಫೆಬ್ರವರಿಯಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ದು, ಒಳಗೆ ನೋಡಿ, ಹಾಗೆಯೇ ಹೊಲಿದರು. ಈಸ್ಟರ್ ಹಬ್ಬದ ವಾರ ಅವನು ತೀರಿಕೊಂಡ. ಸುಳ್ಳು ಹೇಳಿದ ಎಂದು ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಯಾಕೆಂದರೆ ಒಳಗೆಳೆದುಕೊಂಡ ಹೌದಿನಲ್ಲಿ ಹೊರಗೆ ಬರುವುದು ಏನೂ ಇರುವುದಿಲ್ಲ.

"ಏನೇ, ಬೆಳಿಗ್ಗೆಯಿಂದ ಆ ಫೋನಿಗೆ ಕೋಳಿ ಥರ ಕಾವು ಕೊಡ್ತಾ ಇದೀಯ" ಎಂದಳು ದೋರಿಸ್, ಹಿಟ್ಟನ್ನು ತಟ್ಟೆಗಳಿಗೆ ಸುರಿಯುತ್ತ.

"ಡಾಕ್ಟರದ್ದು ಬರ್ಬೇಕು."

"ಯಾರಿಗೇನಾಯ್ತು?"

ಯಾರಿಗೂ ಏನೂ ಆಗಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮರೀತಾ, "ನಂಗೆ" ಎಂದಳು. ದೋರಿಸ್ ಪಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದಳು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದರೂ ಮರೀತಾ ತನ್ನ ಬಗ್ಗೆ ಒಂದು ವಾಕ್ಯ ಹೇಳಿದ್ದು ಇದು ಮೂರನೆಯದೋ ನಾಲ್ಕನೆಯದೋ. ಏನು ಎತ್ತ ಎಂದು ಕೇಳಲು ಹೊರಟವಳು ಮರೀತಾಳ ಮುಖ ನೋಡಿ ಸುಮ್ಮನಾದಳು; ವಟವಟ ಮಾತಾಡುವವಳೇ ಆದರೂ ಎಲ್ಲಿ ನಿಲ್ಲಿಸಬೇಕು ಎನ್ನುವುದು ಅವಳಿಗೆ ತಿಳಿಯದೆ ಇರಲಿಲ್ಲ. ಬೆಳಿಗ್ಗೆ ಆರಕ್ಕೇ ಮರೀತಾ ಅರ್ಜಿ ತುಂಬಿದ್ದಳು. ಹೋದ ಸಲ ಕಾರಣದ ಜಾಗದಲ್ಲಿ 'ಹೊಟ್ಟೆ ಸ್ವಲ್ಪ ಸರಿಯಿಲ್ಲ' ಎಂದಷ್ಟೇ ಬರೆದು, ತೊಂದರೆ ಎಷ್ಟು ಎನ್ನುವ ಪ್ರಶ್ನೆಗೆ 'ಅಷ್ಟೇನಿಲ್ಲ' ಎನ್ನುವುದನ್ನು ಒತ್ತಿದ್ದಳು. ಈ ಸಲ 'ಮಲದಲ್ಲಿ ರಕ್ತ, ಜೂನಿನಿಂದ' ಎಂದು ಬರೆದು, ಅದನ್ನು ಅಳಿಸಿ, ಮತ್ತೆ ಬರೆದು, ಕಳಿಸುವ ಗುಂಡಿ ಒತ್ತಿ ಫೋನನ್ನು ಬೋರಲು ಹಾಕಿದ್ದಳು. ನಿಮ್ಮ ಮುಂದೆ ಮೂವತ್ತೊಂದು ಜನ ಇದ್ದಾರೆ ಎಂದಿತ್ತು. ಹತ್ತು ಗಂಟೆಗೆ ಹದಿನಾಲ್ಕು. ಹತ್ತೂವರೆಗೂ ಹದಿನಾಲ್ಕೇ, ಡಾಕ್ಟರುಗಳೂ ಕಾಫಿ ಕುಡಿಯುತ್ತಾರಲ್ಲ ಎಂದುಕೊಂಡಳು. ಸರದಿ ಬಂದಾಗ ಎತ್ತದಿದ್ದರೆ ಸಾಲಿನ ಕೊನೆಗೆ ಹೋಗುತ್ತೀರಿ ಎಂಬ ಎಚ್ಚರಿಕೆಯನ್ನು ಅವಳು ಎರಡೆರಡು ಸಲ ಓದಿಕೊಂಡಿದ್ದಳು. ಹನ್ನೊಂದಕ್ಕೆ ಒಂದನೇ ತರಗತಿಯವರು ತಟ್ಟೆ ಹಿಡಿದು ಬಂದರು. ಎರಡು, ಮೂರನೆಯವರು ಬಂದರು. ನಾಲ್ಕನೇ ತರಗತಿ ಸಾಲು ಕಟ್ಟಿ ನಿಂತಾಗ ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗಿತು.

"ಹೋಗೇ, ನಾ ನೋಡ್ಕೋತೀನಿ" ಎಂದು ದೋರಿಸ್ ಅವಳ ಕೈಯಿಂದ ಸೌಟು ಕಿತ್ತುಕೊಂಡಳು, ಎರಡು ಕೈಯಲ್ಲೂ ಸೌಟು ಹಿಡಿದು ಬಡಿಸತೊಡಗಿದಳು.

ದಿನಸಿ ಕೋಣೆಯಲ್ಲಿ ಗೋದಿಹಿಟ್ಟಿನ ಮೂಟೆಗಳ ಮೇಲೆ ಜಾಮಿನ ಬಕೆಟ್ಟು, ಬಕೆಟ್ಟಿಗೆ ಒರಗಿಸಿದ ಫೋನು. ಗೋಡೆ ತೆಳ್ಳನೆಯ ಹಲಗೆಯದು, ಅದರಾಚೆಗೇ ಮಕ್ಕಳ ಸಾಲು. ತೆರೆಯ ಮೇಲೆ ಗಡ್ಡದ ಒಬ್ಬ ಬಂದು ಹಲೋ ಮರೀತಾ, ನಾನು ಯೆಸ್ಪರ್, ಎಂದ. ಮಾತಿನ ಧಾಟಿಯಲ್ಲೇ ದೇಶದ ದಕ್ಷಿಣ ತುದಿಯವನು ಎಂದು ಗೊತ್ತಾಯಿತು, ಬಾಯೊಳಗೆ ಬಿಸಿ ಆಲೂಗೆಡ್ಡೆ ಇಟ್ಟುಕೊಂಡ ಹಾಗೆ ಆಡುವ ಮಾತು. ಅವನು ಏನೋ ಓದುತ್ತಿದ್ದ. ಓದುತ್ತ ಓದುತ್ತ ಅವನ ಹುಬ್ಬು ಮೇಲೆ ಹೋಯಿತು.

"ಇಲ್ಲಿ ರಕ್ತ ಹೋಗ್ತಿದೆ ಅಂತ ಬರೆದಿದೀರ. ಆದ್ರೆ ಹನ್ನೊಂದು ದಿನದ ಹಿಂದೆ ನಮ್ಮವರೇ ಕೇಳಿದಾಗ ಇಲ್ಲ ಅಂದಿದೀರ. ಅಂದ್ರೆ ಇದು ಹೊಸದಾಗಿ ಶುರುವಾಗಿದ್ದು, ಅಲ್ವಾ?"

ಎಷ್ಟು ಸುಲಭವಾದ ದಾರಿ. ಹೊಸದು ಎಂದುಬಿಟ್ಟರೆ ಯಾರ ತಪ್ಪೂ ಇಲ್ಲ. ಆ ಶೀತದ ಹುಡುಗಿಯೂ ಸರಿ, ಇವಳೂ ಸರಿ, ಬರೆದ ಸಾಲೂ ಸರಿ. ಹೊಸದಾದರೆ ಮೂಲವ್ಯಾಧಿ ಇರಬಹುದು, ಎರಡು ವಾರ ಮುಲಾಮು ಹಚ್ಚಿ ನೋಡಿ ಎನ್ನುತ್ತಾನೆ. ಎರಡು ವಾರ ಮುಲಾಮು ಹಚ್ಚಿಕೊಂಡು ಅವಳು ಸುಖವಾಗಿ ಇರಬಹುದು. ಗೋಡೆಯಾಚೆ ಯಾವುದೋ ಮಗು ಜಾಮು ಇನ್ನೂ ಹಾಕು ಎಂದು ದೋರಿಸಳನ್ನು ಪೀಡಿಸುತ್ತಿತ್ತು. ಮರೀತಾಳ ತುಟಿ ತಾನಾಗಿಯೇ ಮೊನಚಾಯಿತು, ಗಾಳಿ ಹಲ್ಲಿನ ತನಕ ಬಂದಿತ್ತು. ಅವಳು ಅದನ್ನು ಅಲ್ಲೇ ತಡೆದಳು. ಐವತ್ತೆಂಟು ವರ್ಷದ ಅಭ್ಯಾಸವನ್ನು ತಡೆಯುವುದೆಂದರೆ ಸೀನನ್ನು ತಡೆದ ಹಾಗೆ, ಕಣ್ಣಲ್ಲಿ ನೀರು ಬಂತು.

"ಹೊಸದಲ್ಲ. ಆಗಲೂ ಇತ್ತು. ಆಗಲೂ ಹೌದು ಅಂತಲೇ ಅಂದಿದ್ದೆ."

"ಇಲ್ಲಿ ಹಾಗೆ ಬರೆದಿಲ್ವಲ್ಲ."

"ಬರೆದದ್ದು ತಪ್ಪು."

ಡಾಕ್ಟರು ಬರೆದದ್ದು ತಪ್ಪು ಎಂದು ಇನ್ನೊಬ್ಬ ಡಾಕ್ಟರಿಗೆ ಹೇಳಿದ ತನ್ನ ದನಿಯನ್ನೇ ಅವಳು ಕೇಳಿಸಿಕೊಂಡಳು. ಅವಳ ಅಮ್ಮ ಬದುಕಿದ್ದರೆ ನಾಚಿಕೆಯಿಂದ ಬೇರೆ ಊರಿಗೆ ಹೋಗುತ್ತಿದ್ದಳು. ಯೆಸ್ಪರ್ ಕುರ್ಚಿಯಲ್ಲಿ ಕೊಂಚ ಮುಂದೆ ಬಾಗಿದ. "ಹೇಗಂದ್ರಿ? ಅಂದ್ರೆ, ಯಾವ ಮಾತಲ್ಲಿ ಹೇಳಿದ್ರಿ?"

ಅವಳು ಮಾಡಿ ತೋರಿಸಿದಳು.

"ದನಿ ಕಟ್ಟಾಯ್ತು ನೋಡಿ. ಇನ್ನೊಂದ್ಸಲ ಹೇಳಿ."

ಮತ್ತೆ ಮಾಡಿದಳು. ಅವನು ಕಣ್ಣು ಕಿರಿದು ಮಾಡಿ ಅವಳ ಬಾಯಿಯನ್ನೇ ನೋಡಿದ. "ಮರೀತಾ, ಉಸಿರಾಡೋಕೆ ಏನಾದ್ರೂ ಕಷ್ಟ ಆಗ್ತಿದೆಯಾ? ಎದೆ ಹಿಡಿದಂಗೆ ಏನಾದ್ರೂ?"

"ಇಲ್ಲ. ಅದೇ ಹೌದು."

"ಯಾವುದು ಹೌದು? ಕಷ್ಟ ಆಗ್ತಿದೆ ಅಂತಾನಾ?"

"ಅಲ್ಲ ಅಂತೀನಲ್ಲ. ಆ ಉಸಿರಿದೆಯಲ್ಲ, ಅದೇ. ನಮ್ಮ ಕಡೆ ಹೌದು ಅನ್ನೋದು ಹಾಗೆ."

ಅವನು ನಕ್ಕುಬಿಟ್ಟ. ಕೆಟ್ಟ ನಗೆಯಲ್ಲ, ಆದರೂ ಅವಳ ಕಿವಿ ಬಿಸಿಯಾಯಿತು. "ಕೇಳಿದ್ದೆ, ಕಂಡಿರಲಿಲ್ಲ ನೋಡಿ. ಆದ್ರೆ ಈ ಯಂತ್ರ ಇದೆಯಲ್ಲ, ಉಸಿರಿನ ಸದ್ದು, ಗಾಳಿ ಸದ್ದು, ಫ್ಯಾನಿನ ಸದ್ದು, ಎಲ್ಲಾನೂ ಕಸ ಅಂತ ಗುಡಿಸಿ ಹಾಕುತ್ತೆ. ನನಗೆ ಕೇಳೋದು ಬರೀ ಮಾತು. ನೀವು ಹೌದು ಅಂದಾಗ ನನಗೆ ಕೇಳಿಸಿದ್ದು ಏನೂ ಇಲ್ಲ." ಅಂದರೆ ಅವಳ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ ಸಾವಿರ ಸಲ ಮಾತು ಕೊಟ್ಟದ್ದೆಲ್ಲ ಕಸ. ಚರ್ಚಿನಲ್ಲಿ ಅವಳು ಗಂಡನೆಂದು ಒಪ್ಪಿಕೊಂಡದ್ದೂ ಕಸ; ಅದಾದರೂ ಹನ್ನೆರಡು ವರ್ಷಕ್ಕೆ ಮದುವೆ ಮುರಿದು ನಿಜವೇ ಆಯಿತು ಬಿಡು ಎಂದು ಅಂಥ ಹೊತ್ತಿನಲ್ಲೂ ಅವಳಿಗೆ ಅನಿಸಿತು. ಯಂತ್ರದ ತಪ್ಪು, ತನ್ನದಲ್ಲ. ಇಷ್ಟು ಸಿಕ್ಕಿದರೆ ಸಾಕು ಎಂದಲ್ಲವೇ ಹನ್ನೊಂದು ದಿನ ಆ ಸಾಲನ್ನು ತಿರುತಿರುಗಿ ಓದಿದ್ದು. ಸಿಕ್ಕಿತಲ್ಲ ಈಗ. ಸಿಕ್ಕಿದರೂ ಎದೆ ಹಗುರವಾಗಲಿಲ್ಲ. ಗುಡ್ಡದ ಮೇಲೆ, ಕಾರಿನೊಳಗೆ, ಆ ಮುಂದಿನ ಅರ್ಧ ನಿಮಿಷ ಇನ್ನೂ ಹಾಗೇ ಕೂತಿತ್ತು. ಹುಡುಗಿ ಮೂಗು ಒರೆಸಿಕೊಂಡು, "ಇಲ್ಲ ಅಲ್ವಾ, ಒಳ್ಳೇದು" ಎಂದಿದ್ದಳು. ಆ ಮಾತನ್ನು ಯಾವ ಯಂತ್ರವೂ ನುಂಗಿರಲಿಲ್ಲ.

"ಇನ್ನೊಂದು ಹೇಳ್ಬೇಕು" ಎಂದಳು ಮರೀತಾ. "ಅವರು ಇಲ್ಲ ಅಲ್ವಾ, ಒಳ್ಳೇದು ಅಂದ್ರು. ನನಗೆ ಚೆನ್ನಾಗಿ ಕೇಳಿಸ್ತು. ನಾನು ತಿದ್ದಲಿಲ್ಲ."

"ಯಾಕೆ?"

"ಪಾಪ ಅವರಿಗೆ ಶೀತ ಆಗಿತ್ತು." ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವಳ ವಂಶವೇ ಪಳಗಿದ್ದು. "ಅದಲ್ಲ. ನನಗೆ ಸಮಾಧಾನ ಆಯ್ತು. ಡಾಕ್ಟರೇ ಇಲ್ಲ ಅಂದ್ರಲ್ಲ ಅಂತ."

ಯೆಸ್ಪರ್ ನಗುವುದನ್ನು ಬಿಟ್ಟಿದ್ದ. "ಸರಿ, ಮೊದಲಿಂದ ಕೇಳ್ತೀನಿ. ಒಂದೊಂದಕ್ಕೂ ಬಾಯಿಬಿಟ್ಟು ಹೇಳಿ, ಜೋರಾಗಿ" ಎಂದ. ಮಲದಲ್ಲಿ ರಕ್ತ? "ಹೌದು." ಮೇಲೆ ಅಂಟಿಕೊಂಡಿದೆಯೋ ಬೆರೆತಿದೆಯೋ? "ಬೆರೆತಿದೆ." ಸ್ವಲ್ಪ ಜೋರಾಗಿ ಹೇಳಿ. "ಬೆರೆತಿದೆ ಅಂದೆ." ಕೆಂಪೋ ಕಪ್ಪೋ? "ಕಪ್ಪುಗೆಂಪು." ಗೋಡೆಯಾಚೆ ಮಕ್ಕಳ ಗದ್ದಲ ಇಳಿಯುತ್ತಿತ್ತು, ಎಲ್ಲರಿಗೂ ಬಡಿಸಿ ಮುಗಿದಿರಬೇಕು, ತನ್ನ ಒಂದೊಂದು ಶಬ್ದವೂ ನಾಲ್ಕನೇ ತರಗತಿಯ ತಟ್ಟೆಗಳಿಗೆ ಹೋಗಿ ಬೀಳುತ್ತಿದೆ ಎಂದು ಅವಳಿಗೆ ಅನಿಸಿತು. ಅಷ್ಟರಲ್ಲಿ ಆಚೆ ಢಣಢಣ ಸದ್ದು ಶುರುವಾಯಿತು. ದೋರಿಸ್ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದಳು, ಸೌಟಿನಿಂದ ಹಂಡೆಯನ್ನು ಬಡಿಯುತ್ತಿದ್ದಳು, ಅದೂ ಸಾಲದೆಂದು ದನಿಯೆತ್ತಿ ಏನೋ ಹಾಡುತ್ತಿದ್ದಳು, ಒಂದು ಸ್ವರವೂ ಸರಿಯಿರಲಿಲ್ಲ. ಮರೀತಾಳಿಗೆ ಅಳು ಬಂತು. ಅಳು ಬಂದರೂ ದನಿ ಕುಗ್ಗಿಸಲಿಲ್ಲ. ತೂಕ ಇಳಿದಿದೆಯೇ? "ಐದು ಕಿಲೋ." ಸುಸ್ತು? "ಹೌದು." ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ? "ಅಣ್ಣನಿಗೆ." ಯಾವ ವಯಸ್ಸಿನಲ್ಲಿ ಗೊತ್ತಾಯಿತು? ಇದೇನು ದೊಡ್ಡ ಪ್ರಶ್ನೆಯಲ್ಲ, ಒಂದು ಸಂಖ್ಯೆ ಹೇಳಿದರೆ ಮುಗಿಯಿತು. ಆದರೆ ಯಾರಿಗೆ ಗೊತ್ತಾದದ್ದು ಎಂದು ಇವನು ಕೇಳುತ್ತಿದ್ದಾನೆ? ಡಾಕ್ಟರುಗಳಿಗೆ ಗೊತ್ತಾದದ್ದು ಐವತ್ತೊಂಬತ್ತಕ್ಕೆ. ಅವಳಿಗೆ ಗೊತ್ತಾದದ್ದು ಅದಕ್ಕಿಂತ ಐದು ತಿಂಗಳು ಮೊದಲು, ಮೆಟ್ಟಿಲ ಬಳಿ, ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು.

"ಐವತ್ತೊಂಬತ್ತು. ತಡವಾಗಿತ್ತು" ಎಂದಳು.

ಯೆಸ್ಪರ್ ಒಂದಷ್ಟು ಹೊತ್ತು ಬೆರಳಚ್ಚು ಮಾಡಿದ. ಆಮೇಲೆ ತಲೆಯೆತ್ತಿ, ತಾನು ಇಲ್ಲಿಂದ ಹೊಟ್ಟೆ ಮುಟ್ಟಿ ನೋಡಲಾಗುವುದಿಲ್ಲ, ಇಂಥದ್ದನ್ನೆಲ್ಲ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸುವುದೇ ವಾಸಿ, ಅಲ್ಲಿಗೆ ಫೋನು ಮಾಡಿ ಎಂದು ಶುರುಮಾಡಿದ. ಅವನ ದನಿ ಮೃದುವಾಗಿತ್ತು. ಇಂಥ ಮೃದು ದನಿಗೆ ಮರೀತಾ ಹುಟ್ಟಿದಾಗಿನಿಂದ ಸೋಲುತ್ತಲೇ ಬಂದವಳು.

"ಅಲ್ಲಿ ಡಾಕ್ಟರು ಸಿಗೋದು ಮೂರು ವಾರಕ್ಕೆ. ಲ್ಯಾಬು ನಾಳೆ ಬೆಳಿಗ್ಗೆ ಏಳೂವರೆಗೆ ತೆಗೆಯುತ್ತೆ. ನೀವು ಚೀಟಿ ಬರೆದ್ರೆ ಲ್ಯಾಬಿನವರು ತಗೋತಾರೆ, ಕೇಳಿದೀನಿ." ಅವಳು ಹಾಲಿನ ಆರ್ಡರಿನ ಕಾಗದದ ಹಿಂದೆ ಬರೆದುಕೊಂಡದ್ದನ್ನು ಜೇಬಿನಿಂದ ತೆಗೆದು ಓದಿದಳು: "ಹಿಮೋಗ್ಲೋಬಿನ್. ಕಬ್ಬಿಣ. ಮಲದ ಪರೀಕ್ಷೆ. ಆಮೇಲೆ ಕೊಳವೆ ಹಾಕಿ ನೋಡೋದಕ್ಕೆ ದೊಡ್ಡಾಸ್ಪತ್ರೆಗೆ ಒಂದು."

"ನೀವೇ ಎಲ್ಲಾ ಬರ್ಕೊಂಡ್ ಬಂದಿದೀರ."

"ಹೌದು" ಎಂದಳು, ಅದನ್ನೂ ಜೋರಾಗಿಯೇ. "ತೊಂದ್ರೆ ಕೊಡ್ತಿದೀನಿ. ಕೊಡ್ಲೇಬೇಕು."

ಅವನು ಅವಳನ್ನು ಒಮ್ಮೆ ನೋಡಿ, "ತೊಂದ್ರೆ ಏನು ಬಂತು, ಕೆಲಸ ತಾನೇ" ಎಂದ. ಆಮೇಲೆ ನಾಲ್ಕನ್ನೂ ಬರೆದ. ಬರೆಯುತ್ತ ಒಂದೊಂದನ್ನೂ ಓದಿ ಹೇಳಿದ. ಲ್ಯಾಬಿನ ಫಲಿತಾಂಶ ಏನೇ ಬರಲಿ, ಕೊಳವೆಯ ಪರೀಕ್ಷೆಗೆ ತುರ್ತು ಎಂದು ನಮೂದಿಸಿದ್ದೇನೆ ಎಂದ. ಹಳೆಯ ಸಾಲನ್ನು ತೆಗೆದುಹಾಕಿ ಎಂದು ಅವಳು ಕೇಳಿದ್ದಕ್ಕೆ, ಒಮ್ಮೆ ಬರೆದದ್ದನ್ನು ಅಳಿಸಲು ಯಾರಿಗೂ ಬರುವುದಿಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸಬಹುದು ಅಷ್ಟೆ ಎಂದ. ಯೋಚಿಸಿದರೆ ಅದೇ ನ್ಯಾಯ ಎನಿಸಿತು ಅವಳಿಗೆ. ಸಂಜೆ ಮನೆಯಲ್ಲಿ ತೆರೆದು ನೋಡಿದಾಗ ಎರಡೂ ಸಾಲು ಒಂದರ ಕೆಳಗೊಂದು ಇದ್ದವು: ಹೋಗುತ್ತಿಲ್ಲವೆಂದು ರೋಗಿ ಹೇಳುತ್ತಾರೆ, ಹೋಗುತ್ತಿದೆಯೆಂದು ರೋಗಿ ಹೇಳುತ್ತಾರೆ. ಮಧ್ಯಾಹ್ನ ಕರೆ ಮುಗಿದು ನಕ್ಷತ್ರಗಳು ಬಂದು ಕೇಳಿದಾಗ ಮಾತ್ರ ಈ ಸಲ ಅವಳು ಏನನ್ನೂ ಒತ್ತಿರಲಿಲ್ಲ. ಕಣ್ಣು ಒರೆಸಿಕೊಂಡು ಹೊರಗೆ ಬಂದು ದೋರಿಸಳ ಕೈಯಿಂದ ಒಂದು ಸೌಟು ವಾಪಸು ಪಡೆದಿದ್ದಳು. "ನಿನ್ನ ಹಾಡು ಕೇಳಿ ಡಾಕ್ಟರು ಗಾಬರಿಯಾದ್ರು" ಎಂದಿದ್ದಳು. "ಆಗ್ಲಿ ಬಿಡು, ಔಷಧಿ ಅವರ ಹತ್ರಾನೇ ಇರುತ್ತೆ" ಎಂದು ದೋರಿಸ್ ಮೂಗು ಎಳೆದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಆರೋಗ್ಯ ಕೇಂದ್ರದ ಕಾಯುವ ಕೋಣೆಯಲ್ಲಿ ಆಗಲೇ ಐದು ಜನರಿದ್ದರು, ಐವರೂ ಗೊತ್ತಿದ್ದವರೇ. ಕಿಟಕಿಯ ಬಳಿ ಎವರ್ಟ್ ಕೂತಿದ್ದ, ಸೀವರ್ಟ್ ಇದ್ದ ಬೇಟೆಯ ತಂಡದ ಮುಖ್ಯಸ್ಥ, ಎಪ್ಪತ್ತು ದಾಟಿದವನು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವುದರಿಂದ ತಿಂಗಳಿಗೊಮ್ಮೆ ಲ್ಯಾಬಿಗೆ ಬರುವವನು. ಅವಳನ್ನು ನೋಡಿ ಟೋಪಿಯ ಅಂಚು ಮುಟ್ಟಿದ. ಲ್ಯಾಬಿನ ಅನ್ನೆಲಿ ಗಾಜಿನ ಹಿಂದೆ ಕಂಪ್ಯೂಟರು ನೋಡಿ, ಮತ್ತೆ ನೋಡಿ, ಅವಳತ್ತ ಬಾಗಿ ದನಿ ತಗ್ಗಿಸಿದಳು. ಒಳ್ಳೆಯ ಹೆಂಗಸು, ಎಲ್ಲರ ಮರ್ಯಾದೆ ಕಾಯುವವಳು.

"ಮಾಮೂಲಿ ಚೆಕಪ್ ತಾನೇ ಮರೀತಾ?"

ಆ ಪ್ರಶ್ನೆಯಲ್ಲೇ ಉತ್ತರವನ್ನೂ ಮಡಿಸಿ ಕೊಟ್ಟಿದ್ದಳು. ಇವಳು ಉಸಿರೆಳೆದುಕೊಂಡರೆ ಸಾಕಿತ್ತು. ಕೋಣೆಯಲ್ಲಿ ಯಾರೂ ಇತ್ತ ನೋಡುತ್ತಿರಲಿಲ್ಲ, ನೋಡದಿ‌ರುವುದರಲ್ಲೇ ಎಲ್ಲರ ಕಿವಿಯೂ ನೆಟ್ಟಗಿತ್ತು. ನಿನ್ನೆ ಹೇಳಿದ್ದು ಅಪರಿಚಿತನಿಗೆ, ಹಲಗೆಯ ಗೋಡೆಯ ಮರೆಯಲ್ಲಿ. ಇವತ್ತು ಹೇಳಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಹರಡುತ್ತದೆ, ಭಾನುವಾರದೊಳಗೆ ಜನ ಅವಳನ್ನು ಅರ್ಧ ಹೂತಿರುತ್ತಾರೆ. ಹೂಳಲಿ ಎಂದುಕೊಂಡಳು.

"ಮಾಮೂಲಿ ಅಲ್ಲ ಅನ್ನೆಲಿ. ಮಲದಲ್ಲಿ ರಕ್ತ ಹೋಗ್ತಾ ಇದೆ, ಜೂನಿಂದ. ಫೋನಲ್ಲಿ ಡಾಕ್ಟರ ಹತ್ರ ಚೀಟಿ ಬರೆಸ್ಕೊಂಡೆ."

ಯಾರೋ ಪತ್ರಿಕೆಯ ಹಾಳೆ ತಿರುವಿದರು, ಅರ್ಧಕ್ಕೆ ಬಿಟ್ಟರು. ಅನ್ನೆಲಿ ಕೆಂಪಾಗಿ, ಬಾ ಒಳಗೆ, ಎಂದಳು. ರಕ್ತ ತೆಗೆದುಕೊಂಡು, ಮಲದ ಪರೀಕ್ಷೆಯ ಪುಟ್ಟ ಸೀಸೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಕೊಟ್ಟು, ಹೇಗೆ ಮಾಡಬೇಕೆಂದು ಎರಡು ಸಲ ಹೇಳಿದಳು. ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ ಮರೀತಾಳಿಗೆ ಗೆದ್ದೆನೆಂದೂ ಅನಿಸಲಿಲ್ಲ, ಸೀವರ್ಟ್‌ನ ಋಣ ತೀರಿತೆಂದೂ ಅನಿಸಲಿಲ್ಲ. ಅದು ತೀರುವಂಥದ್ದಲ್ಲ. ಒಳಗೆ ಏನಿದೆಯೋ ಅದು ಇದ್ದೇ ಇರುತ್ತದೆ, ಇನ್ನು ಯಾರಾದರೂ ಅದನ್ನು ನೋಡುತ್ತಾರೆ, ಇಷ್ಟೇ ಆದದ್ದು. ಭಯವಾಗುತ್ತಿತ್ತು. ಕಾರಿನ ಬಳಿಗೆ ಬಂದಾಗ ಹಿಂದೆ ಬೂಟಿನ ಸದ್ದು ಕೇಳಿಸಿತು. ಎವರ್ಟ್ ತನ್ನ ಸರದಿಯನ್ನೂ ಬಿಟ್ಟು ಎದ್ದು ಬಂದಿದ್ದ. ಕೆರೆಯ ಕಡೆ ನೋಡಿಕೊಂಡು ನಿಂತ.

"ಮಂಜು ಬೇಗ ಬೀಳ್ತು ಈ ಸಲ" ಎಂದ.

"ಬೀಳ್ತು."

"ಆ ಫೋನಿನ ಡಾಕ್ಟರು. ಅವರು ಚೀಟಿ ಹಾಗೇ ಕೊಟ್ಬಿಡ್ತಾರಾ?"

"ಹಾಗೇ ಕೊಡಲ್ಲ. ಕೇಳ್ಬೇಕು."

"ನನಗೆ ಅಂತಲ್ಲ. ಸುಮ್ನೆ ಕೇಳ್ದೆ."

ಮರೀತಾ ಅವನನ್ನು ನೋಡಿದಳು. ಮುಖ ನೋಡಲಿಲ್ಲ, ಅಂಗಿಯ ಕಾಲರಿನೊಳಗೆ ಕತ್ತು ಎಷ್ಟು ಸಣ್ಣಗಾಗಿದೆ ಎಂದು ನೋಡಿದಳು. ನೋಡಿ, ಕಾರಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು. ಎಂಟಕ್ಕೆ ಅವಳು ಶಾಲೆಯಲ್ಲಿ ಇರಬೇಕಿತ್ತು, ದೋರಿಸ್ ನೋಡಿಕೊಳ್ಳುತ್ತಾಳೆ. "ಒಳಗೆ ಅನ್ನೆಲಿಗೇ ಹೇಳ್ಬಹುದಲ್ಲ" ಎಂದಳು. ಬೀದಿಯಲ್ಲಿ ಬಟ್ಟೆ ಬಿಚ್ಚು ಎಂದ ಹಾಗೆ ಅವನು ಬೆಚ್ಚಿದ. "ಹಾಗಾದ್ರೆ ತೆಗಿ ಫೋನು" ಎಂದಳು. ಇಬ್ಬರೂ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಅವನು ಕನ್ನಡಕ ಹಾಕಿಕೊಂಡ, ಬ್ಯಾಂಕಿಗೆ ಬಳಸುವ ಗುಪ್ತಸಂಖ್ಯೆಯನ್ನು ಅವಳಿಗೆ ಕಾಣದ ಹಾಗೆ ಕೈ ಮರೆಮಾಡಿ ಒತ್ತಿದ. ತೆರೆ ಬಿಚ್ಚಿಕೊಂಡು ಮೊದಲ ಪ್ರಶ್ನೆ ಬಂತು: ಚಿಕಿತ್ಸೆ ಯಾರಿಗಾಗಿ? ಕೆಳಗೆ ಎರಡೇ ಗುಂಡಿಗಳು, 'ನನಗೆ', 'ನನ್ನ ಮಗುವಿಗೆ'.

"ಇನ್ನೊಂದು ಇಲ್ವಾ?" ಎಂದ ಎವರ್ಟ್.

"ಇಲ್ಲ. ಎರಡೇ."

ಅವನ ದೊಡ್ಡ ತೋರುಬೆರಳು ಗಾಜಿನ ಮೇಲೆ ಬಹಳ ಹೊತ್ತು ನಿಂತಿತ್ತು. ಮರೀತಾ ಎದ್ದು ಹೋಗಲಿಲ್ಲ. ಕೊನೆಗೆ ಅವನು 'ನನಗೆ' ಎನ್ನುವುದನ್ನು ಒತ್ತಿದ.